ಹೆಂಡತಿಯ ಭುಜ, ನನ್ನ ಚೌಕಾಸಿ

ಅಮೆರಿಕದಲ್ಲಿ ನಾನು ಆಡಿದ ಅತ್ಯಂತ ದುಬಾರಿ ಮಾತು ಯಾವುದೆಂದು ಯಾರಾದರೂ ಕೇಳಿದರೆ ತಡಮಾಡದೆ ಹೇಳಬಲ್ಲೆ: "ಅಂಥಾದ್ದೇನೂ ಇಲ್ಲ ಡಾಕ್ಟರ್, ಆಕೆ ನಿಭಾಯಿಸಿಕೊಂಡು ಹೋಗುತ್ತಾಳೆ." ಇಂಗ್ಲಿಷಿನಲ್ಲಿ ಅದು ಇನ್ನೂ ಚಿಕ್ಕದಾಗಿತ್ತು. ಅದಕ್ಕೆ ನಾವು ತೆತ್ತದ್ದು ಒಂದು ಇಡೀ ಬೇಸಿಗೆ, ಲಾಸ್ ಏಂಜಲೀಸ್‌ನಿಂದ ಸ್ಯಾನ್ ಡಿಯಾಗೊಗೆ ಸಾಕುಸಾಕೆನಿಸುವಷ್ಟು ಓಡಾಟ, ಮತ್ತು ಆಸ್ಪತ್ರೆಯ ಕೋಣೆಯೊಳಗೆ ಬಾಯಿ ತೆರೆಯುವ ನನ್ನ ಹಕ್ಕು. ಇಷ್ಟೊಂದು ಯಾಕೆ ಬಿತ್ತೆಂದರೆ, ಆ ಮಾತನ್ನು ನಾನು ಪುಕ್ಕಟೆ ಕೊಟ್ಟೆ. ಪುಕ್ಕಟೆ ಕೊಟ್ಟು ನನಗೆ ಅಭ್ಯಾಸವಿಲ್ಲ. ಅಭ್ಯಾಸವಿಲ್ಲದ ಕೆಲಸಕ್ಕೆ ಕೈಹಾಕಿದರೆ ಹೀಗೇ ಆಗುವುದು.

ನನ್ನ ಕಸುಬು ಕಲ್ಲಿನದು. ಸ್ಯಾನ್ ಪೀಡ್ರೊ ಬಂದರಿಗೆ ಹತ್ತಿರ ನನ್ನದೊಂದು ಯಾರ್ಡ್ ಇದೆ. ಅಡುಗೆಮನೆಯ ಕಟ್ಟೆಗೆ ಹಾಸುವ ಗ್ರಾನೈಟ್ ಹಲಗೆಗಳನ್ನು ಅಲ್ಲಿ ಮಾರುತ್ತೇನೆ. ಅದರಲ್ಲಿ ಒಂದಿಷ್ಟು ಇಳಕಲ್ಲಿನ ಕೆಂಪು ಕಲ್ಲು, ನಮ್ಮೂರ ಕಡೆಯದೇ. ಅವು ಊರಲ್ಲೇ ಪಾಲಿಶ್ ಆಗಿ ಬಂದವು, ನಾನು ಇಲ್ಲಿಗೆ ಬಂದ ಮೇಲೆ ಆದೆ ಎಂಬುದಷ್ಟೇ ವ್ಯತ್ಯಾಸ. ಮೊದಲು ಬೇರೆಯವರ ಯಾರ್ಡಿನಲ್ಲಿ ಹಲಗೆ ಒರೆಸುತ್ತಿದ್ದೆ. ಒರೆಸುವವನನ್ನು ಯಾರೂ ಗಮನಿಸುವುದಿಲ್ಲವಾದ್ದರಿಂದ ವ್ಯಾಪಾರದ ಎಲ್ಲ ಗುಟ್ಟೂ ಅವನ ಕಿವಿಗೆ ಬೀಳುತ್ತದೆ. ನಾನು ಕಲಿತ ಮೊದಲ ಗುಟ್ಟು: ಕಲ್ಲನ್ನು ಸವರಬಾರದು. ಗಂಡಹೆಂಡತಿ ಕಲ್ಲು ನೋಡಲು ಬರುತ್ತಾರೆ. ಗಂಡ ಮುಖ ಗಂಟಿಕ್ಕಿಕೊಂಡು "ಪರವಾಗಿಲ್ಲ, ಇನ್ನೂ ಎರಡು ಕಡೆ ನೋಡಬೇಕು" ಅನ್ನುತ್ತಿರುತ್ತಾನೆ. ಅಷ್ಟರಲ್ಲಿ ಹೆಂಡತಿಯ ಕೈ ತನಗೇ ಗೊತ್ತಿಲ್ಲದೆ ಹಲಗೆಯ ಮೇಲೆ ಮೆಲ್ಲಗೆ ಹರಿದಾಡುತ್ತದೆ. ಮುಗಿಯಿತು. ಆ ಕ್ಷಣದಲ್ಲಿ ಬೆಲೆ ನಿಗದಿಯಾಯಿತು. ಉಳಿದ ಮಾತುಕತೆಯೆಲ್ಲ ಬರಿ ಮರ್ಯಾದೆಗೆ. ಹಾಗಾಗಿ ಯಾವ ಅಂಗಡಿಗೆ ಹೋದರೂ ನಾನು ನನ್ನ ಹೆಂಡತಿ ಸುಮಂಗಲಾಳಿಗೆ ಬಾಗಿಲಲ್ಲೇ ಹೇಳುತ್ತೇನೆ: "ಮುಟ್ಟಬ್ಯಾಡ, ನಗಬ್ಯಾಡ, ಬೇಕು ಅನ್ನೂದು ಮುಖದಾಗ ಕಾಣಬಾರದು." ಗ್ಲೆಂಡೇಲಿನಲ್ಲಿ ಸೋಫಾ ಕೊಳ್ಳುವಾಗ ಅವಳು ಈ ಪಾಠವನ್ನು ಎಷ್ಟು ಚೆನ್ನಾಗಿ ಪಾಲಿಸಿದಳೆಂದರೆ, ಅಂಗಡಿಯವನು "ಮೇಡಂಗೆ ಇಷ್ಟವಾಗಲಿಲ್ಲವೇ?" ಎಂದು ಕೇಳಿದಾಗ, "ನಾನು ಇವರ ಜೊತೆ ಬಂದವಳಲ್ಲ" ಅಂದುಬಿಟ್ಟಳು. ಸೋಫಾ ಒಳ್ಳೆಯ ಬೆಲೆಗೆ ಸಿಕ್ಕಿತು. ಈಗಲೂ ಅದರ ಮೇಲೆಯೇ ಕೂತು ಇದನ್ನು ಬರೆಯುತ್ತಿದ್ದೇನೆ.

ಇಂಥ ನನಗೆ ಈ ದೇಶದ ವೈದ್ಯಕೀಯ ಎಂಬ ಅಂಗಡಿ ಮೊದಲಿಂದಲೂ ಒಗಟು. ಬೆಲೆ ಹೇಳದೆ ಸಾಮಾನು ಮಾರುವ ಅಂಗಡಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಕೌಂಟರಿನ ಹುಡುಗಿಯನ್ನು "ಇದಕ್ಕೆ ಎಷ್ಟಮ್ಮಾ?" ಎಂದು ಕೇಳಿದರೆ ಆಕೆ ದೇವರ ಬಗ್ಗೆ ಕೇಳಿದಂತೆ ಮೇಲೆ ನೋಡಿ, "ಅದು ನಿಮ್ಮ ಇನ್ಶೂರೆನ್ಸ್ ಪ್ಲಾನ್ ಮೇಲೆ ಹೋಗುತ್ತದೆ" ಅನ್ನುತ್ತಾಳೆ. ಈಚೆಗೆ ಆಸ್ಪತ್ರೆಗಳು ತಮ್ಮ ದರಗಳನ್ನು ವೆಬ್‌ಸೈಟಿನಲ್ಲಿ ಹಾಕಲೇಬೇಕೆಂದು ನಿಯಮವಾಗಿದೆ. ಬೇರೆಯವರು ಭಾನುವಾರ ಕ್ರಿಕೆಟ್ ನೋಡುವಾಗ ನಾನು ಚಹಾ ಇಟ್ಟುಕೊಂಡು ಆ ದರಪಟ್ಟಿ ಓದಿದ್ದೇನೆ. ಒಂದೇ ಸ್ಕ್ಯಾನಿಗೆ ಈ ಬೀದಿಯಲ್ಲಿ ಒಂದು ಬೆಲೆ, ಆ ಬೀದಿಯಲ್ಲಿ ಇನ್ನೊಂದು. ಇನ್ಶೂರೆನ್ಸ್ ಇದ್ದವನಿಗೆ ಹೆಚ್ಚು, ಕೈಯಲ್ಲಿ ನಗದು ಹಿಡಿದು ಬಂದವನಿಗೆ ಕಡಿಮೆ ಆಗುವುದೂ ಉಂಟು. ಓದುತ್ತ ಓದುತ್ತ ನನಗೆ ಸಿಟ್ಟು ಬರಬೇಕಿತ್ತು, ಬಂದದ್ದು ಹೊಟ್ಟೆಕಿಚ್ಚು. ಇಷ್ಟು ವರ್ಷ ಕಲ್ಲು ಮಾರಿದರೂ ನನಗೆ ಈ ಧೈರ್ಯ ಬಂದಿರಲಿಲ್ಲ.

ಇನ್ನು ಭುಜದ ಕತೆ. ಸುಮಂಗಲಾ ಕಲ್ವರ್ ಸಿಟಿಯಲ್ಲಿ ಸಿನಿಮಾದವರ ಉಡುಪು ಹೊಲಿಯುವ ಒಂದು ವರ್ಕ್‌ಶಾಪಿನಲ್ಲಿ ಬಟ್ಟೆ ಕತ್ತರಿಸುತ್ತಾಳೆ. ಹೊಲಿಯುವವರು ಬಹಳ ಜನ ಸಿಗುತ್ತಾರೆ, ಕತ್ತರಿಸುವವರು ಸಿಗುವುದಿಲ್ಲ; ಹೊಲಿಗೆ ತಪ್ಪಿದರೆ ಬಿಚ್ಚಬಹುದು, ಕತ್ತರಿ ತಪ್ಪಿದರೆ ಅಳಬಹುದು ಅಷ್ಟೆ. ಒಂದು ದಿನ ಮೇಲಿನ ಅಟ್ಟದಿಂದ ವೆಲ್ವೆಟ್ ಥಾನು ಇಳಿಸಿಕೊಳ್ಳುವಾಗ ಬಲಭುಜದಲ್ಲಿ ಏನೋ ಚುಳುಕ್ ಎಂದಿತು. ಎರಡು ದಿನ ಮುಲಾಮು, ನಾಲ್ಕು ದಿನ ಬಿಸಿನೀರು. ಆಮೇಲೆ ಕೈ ಎದೆಯ ಮಟ್ಟ ದಾಟಿ ಮೇಲೆ ಹೋಗಲು ಒಲ್ಲೆನೆಂದು ಕೂತಿತು. ಆ ಶರತ್ಕಾಲಕ್ಕೆ ವರ್ಕ್‌ಶಾಪಿಗೆ ಒಂದು ದೊಡ್ಡ ಕೆಲಸ ಬರುವುದಿತ್ತು. ಹಳೆಯ ಕಾಲದ ಕತೆ, ನೆಲ ಗುಡಿಸುವ ಗೌನುಗಳು, ಮಾರುಗಟ್ಟಲೆ ರೇಷ್ಮೆ. ಅದರ ಮುಖ್ಯ ಕತ್ತರಿ ಟೇಬಲ್ಲನ್ನು ಸುಮಂಗಲಾಳಿಗೇ ಕೊಡುವುದಾಗಿ ವರ್ಕ್‌ಶಾಪಿನ ಯಜಮಾನಿ ರೋಸಾ ಮಾತು ಕೊಟ್ಟಿದ್ದಳು. ಮೊದಲ ಸಲ ಸಿಗಲಿದ್ದ ಟೇಬಲ್ ಅದು. ಭುಜದ ಸುದ್ದಿ ತಿಳಿದಾಗ ರೋಸಾ ಹೇಳಿದ್ದು: "ಕೈ ಸರಿ ಮಾಡಿಕೊಂಡು ಬಾ, ಟೇಬಲ್ ನಿನ್ನದೇ. ಆದರೆ ಕೆಲಸ ಶುರುವಾದ ಮೇಲೆ ನಾನು ಕಾಯುವ ಹಾಗಿಲ್ಲ."

ಭುಜದ ಡಾಕ್ಟರರ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಲು ಫೋನ್ ಮಾಡಿದೆ. ಎತ್ತಿಕೊಂಡದ್ದು ಯಂತ್ರ. ಹಿಂದಿನ ಕಾಲದ "ಒಂದು ಒತ್ತಿ, ಎರಡು ಒತ್ತಿ" ಯಂತ್ರವಲ್ಲ, ನಡುನಡುವೆ ಉಸಿರೆಳೆದುಕೊಂಡು, "ಓಹ್, ಭುಜದ ನೋವೇ? ಕೇಳಿ ಬೇಸರವಾಯಿತು" ಎಂದು ಮರುಗುವ ಹೊಸ ಯಂತ್ರ. ಲಾಸ್ ಏಂಜಲೀಸಿನಲ್ಲಿ ತಿಂಗಳುಗಟ್ಟಲೆ ಜಾಗವಿಲ್ಲ ಎಂದಿತು. ನಾನು ಬಿಡುತ್ತೇನೆಯೇ? "ಸ್ವಲ್ಪ ಮುಂಚೆ ನೋಡಮ್ಮಾ" ಅಂದೆ. "ಮುಂಚೆ ಬೇಕು ಅನ್ನಿಸುವುದು ಸಹಜವೇ" ಅಂದಿತು. "ನಾವು ಹಳೆಯ ಗಿರಾಕಿಗಳು" ಅಂದೆ. "ನಿಮ್ಮ ನಂಬಿಕೆಗೆ ನಾವು ಋಣಿಗಳು" ಅಂದಿತು. ಕೊನೆಗೆ ನನ್ನ ದೊಡ್ಡ ಅಸ್ತ್ರ ತೆಗೆದೆ: "ಹಾಗಾದರೆ ಬೇರೆ ಕಡೆ ಹೋಗುತ್ತೇವೆ." ಈ ಮಾತು ಹೇಳಿ ಬಾಗಿಲ ತನಕ ನಡೆದರೆ ಹಿಂದಿನಿಂದ "ಬನ್ನಿ ಸಾರ್, ಬನ್ನಿ, ನೀವು ಹೇಳಿ ನೋಡೋಣ" ಎಂಬ ಕೂಗು ಬರಲೇಬೇಕು, ನನ್ನ ಅರ್ಧ ಆಸ್ತಿ ಆ ಕೂಗಿನಿಂದ ಆದದ್ದು. ಯಂತ್ರ ಹೇಳಿತು: "ನಿಮ್ಮ ನಿರ್ಧಾರವನ್ನು ಗೌರವಿಸುತ್ತೇನೆ. ಇನ್ನೇನಾದರೂ ಸಹಾಯ ಬೇಕೇ?" ನಾನು ಬಾಗಿಲ ತನಕ ಹೋದವನು ಹಿಂತಿರುಗಿ ನೋಡಿದರೆ ಅಂಗಡಿಯಲ್ಲಿ ಯಾರೂ ಇಲ್ಲ. ಎಲ್ಲವನ್ನೂ ಅರ್ಥಮಾಡಿಕೊಂಡು ಏನನ್ನೂ ಬಿಟ್ಟುಕೊಡದ ವ್ಯಾಪಾರಿಯನ್ನು ಅವತ್ತೇ ಮೊದಲು ಕಂಡದ್ದು. ಆದರೂ ಒಂದು ಉಪಕಾರ ಮಾಡಿತು: ಅದೇ ಆಸ್ಪತ್ರೆಯ ಸ್ಯಾನ್ ಡಿಯಾಗೊ ಶಾಖೆಯಲ್ಲಿ ಮುಂದಿನ ವಾರವೇ ಒಂದು ಜಾಗ ಇದೆಯೆಂದಿತು. ನಮ್ಮ ಮಗಳು ಮೇಘನಾ ಓದುತ್ತಿರುವುದು ಅಲ್ಲೇ. ಮಗಳನ್ನು ನೋಡಿದಂತೆಯೂ ಆಯಿತು, ಭುಜ ತೋರಿಸಿದಂತೆಯೂ ಆಯಿತು ಎಂದು ಒಪ್ಪಿಕೊಂಡೆ. ಒಂದೇ ಪೆಟ್ರೋಲಿನಲ್ಲಿ ಎರಡು ಕೆಲಸ.

ಆಸ್ಪತ್ರೆಯ ಲಿಫ್ಟಿನಲ್ಲಿ ನಾನು ಸುಮಂಗಲಾಳಿಗೆ ಎಂದಿನ ಪಾಠ ಹೇಳಿದೆ. "ನೋಡ ಸುಮಾ, ನೋವು ಭಾಳ ತೋರಸಬ್ಯಾಡ. ನಾವು ಭಾಳ ಬೇಕಾದವರು ಅಂತ ಗೊತ್ತಾತಂದ್ರ ಇಲ್ಲದ ಟೆಸ್ಟೆಲ್ಲಾ ಬರೀತಾರ."

"ಇದು ಸೋಫಾ ಅಲ್ರೀ," ಅಂದಳು ಅವಳು.

"ಎಲ್ಲಾ ಸೋಫಾನ," ಅಂದೆ ನಾನು.

ಡಾಕ್ಟರ್ ಎಲೆನಾ ಎಂಬುವರು ನಗುನಗುತ್ತ ಒಳಗೆ ಬಂದರು. ತಮ್ಮ ಫೋನನ್ನು ಮೇಜಿನ ಮೇಲೆ ಇಟ್ಟು, "ನಮ್ಮ ಮಾತನ್ನು ಕೇಳಿಕೊಂಡು ಇದು ನನ್ನ ಟಿಪ್ಪಣಿ ಬರೆಯುತ್ತದೆ. ನಾನು ಕಂಪ್ಯೂಟರ್ ನೋಡುವ ಬದಲು ನಿಮ್ಮನ್ನು ನೋಡಬಹುದು. ಆಗಬಹುದೇ?" ಎಂದರು. ನಾನು ಕೇಳಿದ್ದು ಒಂದೇ ಪ್ರಶ್ನೆ: "ಇದಕ್ಕೆ ಬೇರೆ ಚಾರ್ಜ್ ಇದೆಯೇ?" ಇಲ್ಲವೆಂದರು. "ಹಾಗಾದರೆ ಧಾರಾಳವಾಗಿ ಬರೆಯಲಿ" ಎಂದೆ.

"ಹೇಗಿದ್ದೀರಿ?" ಎಂದು ಡಾಕ್ಟರರು ಸುಮಂಗಲಾಳನ್ನು ಕೇಳಿದರು.

"ಆರಾಮಾಗಿದ್ದಾಳೆ" ಎಂದೆ ನಾನು. ನಮ್ಮ ಕಡೆ ಆಸ್ಪತ್ರೆಯ ಮಂಚದ ಮೇಲೆ ಸಲೈನ್ ಹಚ್ಚಿಕೊಂಡು ಮಲಗಿದವರನ್ನು ಕೇಳಿದರೂ ಮೊದಲು ಬರುವ ಮಾತು "ಆರಾಮ ಅದೀನ್ರಿ" ಎಂಬುದೇ. ಕಾಯಿಲೆಯ ಸುದ್ದಿ ಎರಡನೆಯ ಚಹಾದ ನಂತರದ್ದು.

"ಒಂದರಿಂದ ಹತ್ತರ ತನಕ ಅಳೆದರೆ ನೋವು ಎಷ್ಟು?"

ಸುಮಂಗಲಾ "ಎಂ..." ಎಂದು ಬಾಯಿ ತೆರೆದಿದ್ದಳು. ಎಂಟೆಂದು ಹೇಳಲಿದ್ದಾಳೆಂದು ನನಗೆ ಹೊಳೆಯಿತು. ಯಾರಾದರೂ ಮೊದಲ ಮಾತಿಗೇ ಎಂಟು ಹೇಳುತ್ತಾರೆಯೇ? "ಮೂರೋ ನಾಲ್ಕೋ ಇರಬಹುದು, ಡಾಕ್ಟರ್" ಎಂದೆ.

"ನಾನು ಅವರನ್ನು ಕೇಳಿದೆ," ಎಂದರು ಡಾಕ್ಟರರು, ನಗುವನ್ನು ಸ್ವಲ್ಪ ಕಡಿಮೆ ಮಾಡಿ.

ಸುಮಂಗಲಾ ನನ್ನ ಮುಖ ನೋಡಿದಳು. ಇಷ್ಟು ವರ್ಷದ ಸಂಸಾರದಲ್ಲಿ ಆ ನೋಟಕ್ಕೆ ಒಂದೇ ಅರ್ಥ: ಇವರು ಏನೋ ಹಿಕಮತ್ತು ನಡೆಸಿದ್ದಾರೆ, ನಡುವೆ ಬಾಯಿ ಹಾಕುವುದು ಬೇಡ. "ನಾಲ್ಕು" ಎಂದಳು. ನನಗೆ ಹುರುಪು ಬಂತು. ಮಾತಿನ ಓಘದಲ್ಲಿ, ಹೋದ ಶನಿವಾರ ನಮ್ಮ ಮನೆಯಲ್ಲಿ ಇಪ್ಪತ್ತು ಜನಕ್ಕೆ ಊಟ ಹಾಕಿದ್ದು, ಸುಮಂಗಲಾ ಒಬ್ಬಳೇ ಜೋಳದ ರೊಟ್ಟಿ ಬಡಿದದ್ದು ಎಲ್ಲ ಹೇಳಿದೆ. ರೊಟ್ಟಿ ಬಡಿಯುವುದು ಹೇಗೆಂದು ಮೇಜಿನ ಮೇಲೆ ಬಡಿದೂ ತೋರಿಸಿದೆ. ಕೊನೆಗೆ ಆಗಲೇ ಹೇಳಿದ ಆ ದುಬಾರಿ ಮಾತು. ಫೋನು ಮೇಜಿನ ಮೇಲೆ ಸದ್ದಿಲ್ಲದೆ ಮಲಗಿತ್ತು. ಅಷ್ಟು ವಿನಯದಿಂದ ಕೇಳಿಸಿಕೊಳ್ಳುವವರು ನನಗೆ ಮನೆಯಲ್ಲಿ ಯಾರೂ ಇಲ್ಲ.

ಡಾಕ್ಟರರು ತೋಳು ಎತ್ತಿಸಿ, ಇಳಿಸಿ ನೋಡಿ, ಒಳಗಿನ ಸ್ನಾಯು ಹರಿದಿರಬಹುದು, ಎಂಆರ್‌ಐ ಆಗಬೇಕು ಎಂದರು. ಅದಕ್ಕೆ ಇನ್ಶೂರೆನ್ಸಿನವರ ಮುಂಗಡ ಒಪ್ಪಿಗೆ ಬೇಕು. ಅವರು ಮೊದಲು ಕೆಲವು ವಾರ ವ್ಯಾಯಾಮ ಮಾಡಿ ನೋಡಿ ಅನ್ನುತ್ತಾರೆ. ಅದನ್ನು ಈಗ ಮನೆಯಲ್ಲೇ ಆ್ಯಪ್ ಮೂಲಕ ಮಾಡಬಹುದು. ಟ್ಯಾಬ್ಲೆಟನ್ನು ಎದುರಿಗೆ ನಿಲ್ಲಿಸಿದರೆ ಅದರ ಕ್ಯಾಮೆರಾ ನಿಮ್ಮ ತೋಳು ಎಷ್ಟು ಮೇಲೆ ಹೋಯಿತೆಂದು ತಾನೇ ಅಳೆದು ವರದಿ ಕಳಿಸುತ್ತದೆ. ಕರೋನಾ ಕಾಲದಲ್ಲಿ ಅನಿವಾರ್ಯವಾಗಿ ಹಬ್ಬಿದ ಇಂಥ ಅನುಕೂಲಗಳು ಹಾಗೇ ಉಳಿದುಕೊಂಡವು. ಒಳ್ಳೆಯದೇ ಆಯಿತು, ಪ್ರತಿ ವ್ಯಾಯಾಮಕ್ಕೂ ಸ್ಯಾನ್ ಡಿಯಾಗೊಗೆ ಕಾರು ಓಡಿಸಬೇಕಿಲ್ಲ.

ಟ್ಯಾಬ್ಲೆಟಿಗೆ ಅಡುಗೆಮನೆಯ ಕಟ್ಟೆಯೇ ಗತಿಯಾಯಿತು. ಸುಮಂಗಲಾ ಹಲ್ಲು ಕಚ್ಚಿಕೊಂಡು ತೋಳೆತ್ತಿದರೆ ಅದು ಎದೆಯ ಮಟ್ಟಕ್ಕೇ ನಿಲ್ಲುತ್ತಿತ್ತು. ಆ್ಯಪ್ ಮಾತ್ರ, "ಅದ್ಭುತ! ಇನ್ನೊಂಚೂರು!" ಎನ್ನುತ್ತಿತ್ತು. ಹೊಗಳಿಕೆ ಅಷ್ಟು ಅಗ್ಗವಾಗಿ ಸಿಕ್ಕರೆ ಅದರ ಹಿಂದೆ ಏನೋ ಇದೆ ಎಂದು ನಾನು ಆಗಲೇ ಎಚ್ಚರಿಸಿದ್ದೆ. ಒಂದು ಸಂಜೆ ಅವಳು ಹೀಗೆ ಕಷ್ಟಪಡುತ್ತಿದ್ದಾಗ ನಾನು ಅವಳ ಬೆನ್ನಹಿಂದೆ ಸದ್ದಾಗದಂತೆ ನಡೆದು, ಮೇಲಿನ ಕಪಾಟಿನಿಂದ ಶೇಂಗಾ ಹೋಳಿಗೆಯ ಡಬ್ಬಿ ಇಳಿಸಿದೆ. ಸಕ್ಕರೆ ಕಾಯಿಲೆಯ ಗಡಿಯಲ್ಲಿ ನಿಂತಿರುವ ಮನುಷ್ಯ ನಾನು; ಆ ಡಬ್ಬಿಯನ್ನು ನನ್ನ ಕಣ್ಣಿಗೆ ಬೀಳಬಾರದೆಂದೇ ಅಷ್ಟು ಮೇಲೆ ಇಟ್ಟಿದ್ದರು. ಟ್ಯಾಬ್ಲೆಟ್ ಗಂಟೆ ಬಾರಿಸಿ, ತೆರೆಯ ತುಂಬ ಬಣ್ಣದ ಚೂರು ಹಾರಿಸಿ, "ಅಭಿನಂದನೆ! ಪೂರ್ತಿ ತಲೆಯ ಮೇಲಿನ ತನಕ!" ಎಂದು ಕೂಗಿತು. ಸುಮಂಗಲಾ ತನ್ನ ಕೈಯನ್ನು ಆಶ್ಚರ್ಯದಿಂದ ನೋಡಿಕೊಂಡಳು. ನಾನು ಡಬ್ಬಿಯ ಸಮೇತ ಹಾಲಿಗೆ ಜಾರಿದೆ. ಮುಂದೆಯೂ ಕೆಲವು ಸಂಜೆ ಆ್ಯಪ್ ಹೀಗೆ ಅಭಿನಂದಿಸಿತು. ಎಷ್ಟು ಸಂಜೆ ಎಂದು ದಯವಿಟ್ಟು ಕೇಳಬೇಡಿ.

ಇನ್ಶೂರೆನ್ಸಿನವರು ಎಂಆರ್‌ಐ ಬೇಡವೆಂದರು. "ವೈದ್ಯಕೀಯವಾಗಿ ಅಗತ್ಯ ಕಾಣುವುದಿಲ್ಲ" ಎಂದು ಒಂದೇ ಸಾಲು. ಚೌಕಾಸಿಗೆ ಯಾರೋ ಕರೆದಂತೆ ನನಗೆ ಉತ್ಸಾಹ ಬಂತು. ನಾನು ಮಾತಾಡುವ ಚಂದ ಮನೆಯವರಿಗೂ ಕೇಳಲೆಂದು ಫೋನನ್ನು ಸ್ಪೀಕರಿಗೆ ಹಾಕಿದೆ. ಯಂತ್ರಗಳನ್ನೆಲ್ಲ ದಾಟಿ ಕಡೆಗೆ ಒಬ್ಬ ಹೆಂಗಸಿನ ದನಿ ಸಿಕ್ಕಿತು. "ನೀವೂ ಸ್ವಲ್ಪ ಇಳೀರಿ, ನಾವೂ ಸ್ವಲ್ಪ ಏರುತ್ತೇವೆ, ನಡುವೆ ಎಲ್ಲಾದರೂ ಸೇರೋಣ" ಎಂದು ಶುರುಮಾಡಿದೆ. ಆಕೆ ಸಮಾಧಾನದಿಂದ, "ಸಾರ್, ಇದು ಬೆಲೆಯ ಮಾತಲ್ಲ. ಕಾರಣ ಬೇಕಾದರೆ ಓದುತ್ತೇನೆ" ಎಂದು ಓದಿದಳು: ನೋವು ನಾಲ್ಕು. ರೋಗಿ ಆರಾಮಾಗಿದ್ದಾರೆಂದೂ ದಿನದ ಕೆಲಸ ನಿಭಾಯಿಸುತ್ತಿದ್ದಾರೆಂದೂ ಪತಿ ಹೇಳಿದ್ದಾರೆ. ಈಚೆಗೆ ಒಬ್ಬರೇ ಇಪ್ಪತ್ತು ಜನಕ್ಕೆ, ಬಲವಾದ ಬಡಿತ ಬೇಕಾಗುವ ರೊಟ್ಟಿ ತಯಾರಿಸಿದ್ದಾರೆ. ವ್ಯಾಯಾಮದ ಆ್ಯಪಿನ ವರದಿಯಂತೆ ತೋಳು ತಲೆಯ ಮೇಲಿನ ತನಕ ಪೂರ್ತಿ ಏರುತ್ತಿದೆ.

ಒಲೆಯ ಹತ್ತಿರ ಸೌಟಿನ ಸದ್ದು ನಿಂತಿತು.

"ಅದು ಯಾರ ತೋಳ್ರೀ, ತಲಿ ಮ್ಯಾಲ ಹೋಗಿದ್ದು?" ಎಂದಳು ಸುಮಂಗಲಾ.

ಅವಳು ಎಡಗೈಯಿಂದ ಸ್ಟೂಲ್ ಎಳೆದು, ಹತ್ತಿ, ಮೇಲಿನ ಕಪಾಟು ತೆರೆದು, ಡಬ್ಬಿ ಅಲುಗಾಡಿಸಿ ನೋಡಿದಳು. ಅದರ ಸದ್ದಿನಲ್ಲೇ ಉತ್ತರವಿತ್ತು. "ಹೋಳಿಗಿಗೆ ಹೋದ ಕೈ ನಿಮ್ದು, ಗುಣಾಗಿದ್ದು ನಂದು. ಚಲೋ ಆತು!"

ಪಕ್ಕದ ಮನೆಯ ರಘು ಮೈಸೂರಿನ ಹುಡುಗ, ಆಸ್ಪತ್ರೆಗಳ ಸಾಫ್ಟ್‌ವೇರಿನಲ್ಲೇ ಕೆಲಸ ಮಾಡುವವನು. ಅವನನ್ನು ಕರೆದು ಆ ಫೋನಿನ ಮೇಲೆ ದೂರು ಹೇಳಿಕೊಂಡೆ. ಅವನು ನಕ್ಕ. "ಅಂಕಲ್, ಅದರದ್ದೇನೂ ತಪ್ಪಿಲ್ಲ. ನೀವು ಹೇಳಿದ್ದನ್ನ ನೀಟಾಗಿ ಬರ್ಕೊಂಡಿದೆ. ಮುಂಚೆ ಡಾಕ್ಟ್ರು ಟೈಪ್ ಮಾಡ್ತಾ ಮಾಡ್ತಾ ಅರ್ಧ ಕೇಳಿಸ್ಕೊಳ್ತಿದ್ರು, ಅರ್ಧ ಬಿಡ್ತಿದ್ರು. ಈಗ ಏನೂ ಬಿಡಲ್ಲ." ಬಿಟ್ಟುಹೋಗುತ್ತಿದ್ದ ಆ ಅರ್ಧವೇ ನನ್ನಂಥವರನ್ನು ಇಷ್ಟು ದಿನ ಕಾಪಾಡಿತ್ತೆಂದು ನನಗೆ ಆಗ ಅರಿವಾಯಿತು. "ಆ ಕಡೆ ಅದನ್ನ ಓದೋದೂ ಒಂದು ಮಷೀನೇ ಇರ್ಬಹುದು, ಅಂಕಲ್" ಎಂದು ಅವನು ಸೇರಿಸಿದ. ಒಂದು ಯಂತ್ರ ಬರೆಯುವುದು, ಇನ್ನೊಂದು ಯಂತ್ರ ಓದುವುದು, ನಡುವೆ ಭುಜ ಮಾತ್ರ ಮನುಷ್ಯರದು. ನಗದು ಕೊಟ್ಟು ಎಂಆರ್‌ಐ ಮಾಡಿಸಿಬಿಡೋಣವೆಂದೆ; ಗ್ಲೆಂಡೇಲಿನಲ್ಲಿ ಒಂದು ಸೆಂಟರಿನವರು ನಗದು ದರವನ್ನು ಬಾಯಿಬಿಟ್ಟು ಹೇಳಿದ್ದರು. ಸುಮಂಗಲಾ ಒಪ್ಪಲಿಲ್ಲ. "ಫೋಟೋ ತಗಸಾಕ ಒಪ್ಪದವರು ಆಪರೇಶನ್ನಿಗೆ ಒಪ್ತಾರೇನು? ನೀವು ಬರಸಿದ್ದನ್ನ ಮೊದಲ ಅಳಸ್ರಿ."

ಅಳಿಸಲೆಂದು ಮತ್ತೆ ಸ್ಯಾನ್ ಡಿಯಾಗೊಗೆ ಹೊರಟೆವು. ಬಲಗಡೆ ಸಮುದ್ರ ಹೊಳೆಯುತ್ತಿತ್ತು. ನನ್ನ ಬಲಗಡೆ ಸುಮಂಗಲಾ ಹೊಳೆಯುತ್ತಿರಲಿಲ್ಲ.

"ನೀವೇನೋ ಯವಹಾರ ನಡಸೀರಿ ಅಂತ ನಾ ಸುಮ್ಮ ಕುಂತೆ. ಅಲ್ರೀ, ನನ್ನ ಭುಜ ಏನ್ ಹಲಗಿ ಕಲ್ಲೇನು?"

"ಹಂಗಲ್ಲ ಸುಮಾ, ಅವರು ಇಲ್ಲದ್ದೆಲ್ಲಾ ತಲಿಗೆ ಕಟ್ಟಬಾರದಂತ..."

"ಕಟ್ಟಲಿಲ್ಲ ಬಿಡ್ರಿ. ಬೇಕಾದ್ದನ್ನೂ ಕಟ್ಟಲಿಲ್ಲ. ರೋಸಾ ನಿನ್ನೆ ಕೇಳಿದಳು, ಯಾವಾಗ ಬರ್ತೀ ಅಂತ. ಏನ್ ಹೇಳ್ಲಿ? ನಮ್ಮ ಮನ್ಯಾಗ ಚೌಕಾಸಿ ನಡದೈತಿ, ಮುಗದ ಮ್ಯಾಲ ಬರ್ತೀನಿ ಅನ್ಲೇನು?"

ರಜೆಗೆ ಬಂದು ವಾಪಸ್ ಹೊರಟಿದ್ದ ಮೇಘನಾ ಹಿಂದಿನ ಸೀಟಿನಲ್ಲಿ ಕಿವಿಯಿಂದ ಇಯರ್‌ಫೋನ್ ತೆಗೆದು, "ಡ್ಯಾಡ್, ಪ್ಲೀಸ್, ಟುಡೇ ಜಸ್ಟ್ ಡ್ರೈವ್" ಅಂದಳು. ಸುಮಂಗಲಾ ಅದನ್ನು ಕನ್ನಡಕ್ಕೆ ತಿರುಗಿಸಿದಳು: "ಗಾಡಿ ಹೊಡೀರಿ. ಒಳಗ ಒಂದ ಮಾತು ಆಡ್ರಿ, ಅದೂ ನಾ ಹೇಳಿದಾಗ."

ಅದೇ ಕೋಣೆ, ಅದೇ ಫೋನು; ಜೊತೆಗೆ ಬಾಗಿಲ ಬಳಿ ಮೇಘನಾ. ಡಾಕ್ಟರರು ಈ ಸಲ ಕುರ್ಚಿಯನ್ನು ಸುಮಂಗಲಾಳ ಎದುರಿಗೆ ಎಳೆದುಕೊಂಡು ನನಗೆ ಬೆನ್ನು ಮಾಡಿ ಕೂತರು. "ನೋವಿನ ನಂಬರ್ ಬೇಡ. ಇವತ್ತು ಬೆಳಿಗ್ಗೆ ಎದ್ದಾಗಿನಿಂದ ಏನೇನು ಮಾಡಲಾಗಲಿಲ್ಲ, ಅಷ್ಟು ಹೇಳಿ" ಎಂದರು. ಸುಮಂಗಲಾಳ ಇಂಗ್ಲಿಷು ಅವಳ ಕತ್ತರಿಯ ಹಾಗೆ. ಬೇಕಾದಷ್ಟೇ ತೆರೆದು ಗೆರೆಯ ಮೇಲೇ ಹೋಗುತ್ತದೆ. ಹೇಳಿದಳು. ಕೂದಲು ಬಾಚಲು ತೋಳು ಏರುವುದಿಲ್ಲ. ತಲೆಯನ್ನೇ ಮೊಣಕಾಲಿನ ಮೇಲೆ ಬಗ್ಗಿಸಿ ಬಾಚಿಕೊಳ್ಳುತ್ತೇನೆ. ಕುಪ್ಪಸದ ತೋಳಿಗೆ ಮೊದಲು ನೋವಿನ ಕೈ ತೂರಿಸಿ ಆಮೇಲೆ ಇನ್ನೊಂದು. ಕಾರಿನ ಸೀಟ್‌ಬೆಲ್ಟನ್ನು ಎಡಗೈಯಿಂದ ಎಳೆದುಕೊಳ್ಳುತ್ತೇನೆ. ಇಪ್ಪತ್ತು ಜನಕ್ಕೆ ರೊಟ್ಟಿ ಬಡಿದದ್ದು ನಿಜ, ಎಡಗೈಯಿಂದ. ಅರ್ಧ ರೊಟ್ಟಿ ಹರಿದವು, ಹರಿದವನ್ನು ಕೆಳಗಿಟ್ಟು ಮೇಲೆ ಚೆನ್ನಾಗಿದ್ದವನ್ನು ಜೋಡಿಸಿದೆ. ಮಲಗಿದರೆ ಭುಜ ಎಳೆಯುತ್ತದೆ, ಅದಕ್ಕೆ ಸೋಫಾದ ಮೇಲೆ ಕೂತೇ ನಿದ್ದೆ ಮಾಡುತ್ತೇನೆ.

ಇಷ್ಟು ದಿನ ಅವಳು ಸೋಫಾದಲ್ಲಿ ಧಾರಾವಾಹಿ ನೋಡುತ್ತ ನಿದ್ದೆಹೋಗುತ್ತಾಳೆಂದು ನಾನು ತಿಳಿದಿದ್ದೆ. ಟೀವಿ ಆರಿಸಿ ಮಲಗಬಾರದೇ, ಕರೆಂಟು ದುಬಾರಿ ಎಂದು ಬೈದದ್ದೂ ಉಂಟು. ಎದುರಿನ ಗೋಡೆಯ ಮೇಲೆ ಕೈತೊಳೆಯುವ ವಿಧಾನದ ಚಿತ್ರಪಟವಿತ್ತು. ಅದನ್ನೇ ಬಹಳ ಶ್ರದ್ಧೆಯಿಂದ ಓದತೊಡಗಿದೆ.

"ಆದರೆ ತೋಳು ತಲೆಯ ಮೇಲೆ ಏರಿತೆಂದು ವರದಿ ಇದೆಯಲ್ಲ?" ಎಂದರು ಡಾಕ್ಟರರು.

ಸುಮಂಗಲಾ ನನ್ನತ್ತ ತಿರುಗಿದಳು. "ಈಗ ಹೇಳ್ರಿ."

"ಡಾಕ್ಟರ್," ಎಂದೆ ನಾನು, ಫೋನಿಗೆ ಸ್ಪಷ್ಟವಾಗಿ ಕೇಳಲೆಂದು ಮುಂದೆ ಬಾಗಿ, "ಆ ತೋಳು ನನ್ನದು. ಸಿಹಿತಿಂಡಿಯ ಡಬ್ಬಿ ಕದಿಯಲು ಎತ್ತಿದ್ದೆ." ಡಾಕ್ಟರರು ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು. ಮೇಘನಾ ಕಾರಿಡಾರಿಗೆ ಓಡಿದಳು. ಅವಳು ಅಲ್ಲಿ ನಕ್ಕದ್ದು ಒಳಗೂ ಕೇಳಿಸಿತು. ಈ ಹೇಳಿಕೆ ಇವತ್ತಿಗೂ ನನ್ನ ಹೆಂಡತಿಯ ವೈದ್ಯಕೀಯ ದಾಖಲೆಯಲ್ಲಿ ಇದೆ.

ಡಾಕ್ಟರ್ ಎಲೆನಾ ಹೊಸ ಟಿಪ್ಪಣಿಯನ್ನು ತಾವೇ ಒಂದೊಂದು ಸಾಲಾಗಿ ತಿದ್ದಿ ಕಳಿಸಿದರು. ಅಷ್ಟಕ್ಕೆ ನಿಲ್ಲದೆ ಇನ್ಶೂರೆನ್ಸಿನ ಡಾಕ್ಟರರಿಗೆ ತಾವೇ ಫೋನ್ ಮಾಡಿ ಮಾತಾಡಿದರು. ಡಾಕ್ಟರರಿಗೆ ಡಾಕ್ಟರರೇ ಹೇಳುವ ಇಂಥದ್ದೊಂದು ದಾರಿ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ನಾನು ಬಾಗಿಲಲ್ಲಿ ನಿಂತು ಚೌಕಾಸಿ ಮಾಡುತ್ತಿದ್ದಾಗ ಹಿತ್ತಿಲಲ್ಲಿ ಬಾಗಿಲು ತೆರೆದೇ ಇತ್ತು. ಒಪ್ಪಿಗೆ ಬಂತು. ಸ್ಕ್ಯಾನಿನಲ್ಲಿ ಹರಿದ ಸ್ನಾಯು ಕಂಡಿತು. ಆಪರೇಶನ್ನಿಗೂ ಒಪ್ಪಿಗೆ ಬಂತು. ಭುಜದ ಸುತ್ತ ಸಣ್ಣ ರಂಧ್ರಗಳನ್ನು ಮಾಡಿ, ಅವುಗಳೊಳಗಿಂದ ಕ್ಯಾಮೆರಾ ತೂರಿಸಿ, ಹರಿದ ಸ್ನಾಯುವನ್ನು ಹೊಲಿದು, ಅದೇ ಸಂಜೆ ಮನೆಗೆ ಕಳಿಸಿದರು. ಹೊಲಿಗೆಯ ವಿಷಯದಲ್ಲಿ ಸುಮಂಗಲಾಳಿಗೆ ಯಾರದ್ದೂ ಸುಲಭಕ್ಕೆ ಒಪ್ಪಿಗೆಯಾಗುವುದಿಲ್ಲ; ಅವಳೂ ನೋಡಿ, "ಚಲೋ ಹೊಲದಾರ" ಎಂದಳು. ಈ ದೇಶದ ವೈದ್ಯಕೀಯ ಹೀಗೇ: ಒಳಗೆ ಹೋದ ಮೇಲೆ ಜಾದೂ, ಒಳಗೆ ಹೋಗುವ ತನಕ ಜಾತ್ರೆಯ ನೂಕುನುಗ್ಗಲು.

ಆದರೆ ಅಷ್ಟರಲ್ಲಿ ಬೇಸಿಗೆ ಮುಗಿದಿತ್ತು. ತೋಳು ಕೊರಳಿಗೆ ಕಟ್ಟಿದ ಜೋಳಿಗೆಯೊಳಗೆ, ತಿಂಗಳುಗಟ್ಟಲೆ ಎತ್ತುವಂತಿಲ್ಲ. ಕಲ್ವರ್ ಸಿಟಿಯಲ್ಲಿ ರೇಷ್ಮೆಯ ಥಾನುಗಳು ಬಂದಿಳಿದವು. ಕೆಲಸ ಶುರುವಾದ ದಿನ ಸುಮಂಗಲಾ ತನ್ನ ಕತ್ತರಿಗಳನ್ನು ತರಲೆಂದು ವರ್ಕ್‌ಶಾಪಿಗೆ ಹೋದಳು. ನಾನು ಕಾರಿನಲ್ಲಿ ಕಾದೆ. ಬಹಳ ಹೊತ್ತಾದರೂ ಬರಲಿಲ್ಲ. ಒಳಗೆ ಹೋಗಿ ನೋಡಿದರೆ, ಮುಖ್ಯ ಟೇಬಲ್ಲಿನ ಮುಂದೆ ಬೇರೊಬ್ಬಳು ಕತ್ತರಿ ಹಿಡಿದು ನಿಂತಿದ್ದಾಳೆ, ಪಕ್ಕದಲ್ಲಿ ಎತ್ತರದ ಸ್ಟೂಲಿನ ಮೇಲೆ ಜೋಳಿಗೆ ಕೈಯ ಸುಮಂಗಲಾ. "ಅಲ್ಲಿ ಅಲ್ಲ, ಒಂದು ಬೆರಳು ಒಳಗೆ. ಬಟ್ಟೆಯನ್ನು ಎಳೆಯಬೇಡ, ಅದು ತಾನೇ ಬೀಳಲಿ. ಹಾಂ, ಈಗ." ಕತ್ತರಿ ಹಿಡಿದವಳು ಉಸಿರು ಬಿಗಿಹಿಡಿದು ಅವಳು ಹೇಳಿದಂತೆ ಕತ್ತರಿಸುತ್ತಿದ್ದಾಳೆ. ರೋಸಾ ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟು, ಬಾಗಿಲಲ್ಲೇ ನಿಲ್ಲುವಂತೆ ಸನ್ನೆ ಮಾಡಿದಳು. ಅಲ್ಲಿಯೂ ಸುದ್ದಿ ಮುಟ್ಟಿತ್ತೆಂದು ಕಾಣುತ್ತದೆ. ಆ ಶರತ್ಕಾಲ ಸುಮಂಗಲಾ ಒಂದೂ ಗೌನು ಕತ್ತರಿಸಲಿಲ್ಲ. ಎಲ್ಲ ಗೌನೂ ಅವಳ ಬಾಯಲ್ಲಿ ಕತ್ತರಿಸಲ್ಪಟ್ಟವು. ಈಗ ತೋಳು ತಲೆಯ ಮೇಲೆ ಏರುತ್ತದೆ, ಟೇಬಲ್ಲೂ ಅವಳದೇ, ಆದರೆ ಸ್ಟೂಲಿನ ಅಭ್ಯಾಸ ಉಳಿದುಬಿಟ್ಟಿದೆ. ಮನೆಯಲ್ಲಿ ನಾನು ಈರುಳ್ಳಿ ಹೆಚ್ಚುವಾಗಲೂ ಪಕ್ಕದಲ್ಲಿ ಕೂತು, "ಅಲ್ಲಿ ಅಲ್ರೀ, ಒಂದ ಬೆರಳ ಈ ಕಡೆ" ಅನ್ನುತ್ತಾಳೆ.

ನನ್ನ ಅನುಭವ ನಿಮಗೆ ಉಪಯೋಗವಾಗಲಿ. ಇನ್ಶೂರೆನ್ಸಿನವರು ಇಲ್ಲವೆಂದರೆ ಅದು ಕೊನೆಯ ಮಾತೆಂದು ತಿಳಿಯಬೇಡಿ; ಕಾರಣ ಓದಿಸಿಕೊಳ್ಳಿ, ಮೇಲ್ಮನವಿ ಹಾಕಿ, ನಿಮ್ಮ ಡಾಕ್ಟರರನ್ನೇ ಅವರ ಡಾಕ್ಟರರ ಜೊತೆ ಮಾತಾಡಲು ಕೇಳಿ. ನಗದು ದರ ಎಷ್ಟೆಂದು ಯಾವಾಗಲೂ ಕೇಳಿ, ನಾಚಿಕೆ ಬೇಡ. ನೋವನ್ನು ನಂಬರಿನಲ್ಲಿ ಹೇಳುವುದಕ್ಕಿಂತ ಮಾಡಲಾಗದ ಕೆಲಸಗಳಲ್ಲಿ ಹೇಳಿ. ಮೇಜಿನ ಮೇಲೆ ಫೋನು ಕೇಳುತ್ತಿದ್ದರೆ ದೊಡ್ಡಸ್ತಿಕೆ ಕೊಚ್ಚಬೇಡಿ, ಆಮೇಲೆ ಅದು ಏನು ಬರೆದಿದೆಯೆಂದು ಕೇಳಿ ಓದಿಕೊಳ್ಳಿ. ಕ್ಯಾಮೆರಾದ ಹಿಂದೆ ಮುಂದೆ ಓಡಾಡಬೇಡಿ, ಅದರಲ್ಲೂ ಹಸಿವಾದಾಗ. ಇನ್ನು ಗಂಡಸರಿಗೆ ಒಂದು ಮಾತು. ಹೆಂಡತಿಯ ಜೊತೆ ತಪ್ಪದೆ ಹೋಗಿ, ಪಕ್ಕದಲ್ಲೇ ಕೂರಿ, ಅವಳು ಹೇಳುವುದನ್ನು ಡಾಕ್ಟರರಿಗಿಂತ ಹೆಚ್ಚು ಗಮನವಿಟ್ಟು ಕೇಳಿ. ನಿಮ್ಮ ಮನೆಯ ಸುದ್ದಿ ನಿಮಗೆ ಅಲ್ಲಿ ಸಿಗುತ್ತದೆ. ಬಾಯಿ ತೀರಾ ತುರಿಸಿದರೆ ಹೊರಗೆ ಬರುವಾಗ ಕೌಂಟರಿನಲ್ಲಿ ನಿಂತು ಪಾರ್ಕಿಂಗ್ ಚೀಟಿಗೆ ಮುದ್ರೆ ಹಾಕಿಕೊಡಿ ಎಂದು ಕೇಳಿ. ಹಾಕಿದರೆ ಪಾರ್ಕಿಂಗ್ ಪುಕ್ಕಟೆ ಆಗುತ್ತದೆ. ಇಲ್ಲವೆಂದರೆ ಇನ್ನೊಮ್ಮೆ ಕೇಳಿ, ನಗುತ್ತ ಕೇಳಿ, ಹೊರಟಂತೆ ಮಾಡಿ ತಿರುಗಿ ಬಂದು ಕೇಳಿ. ಅಷ್ಟು ಮಾತು ನಿಮಗೆ ಬಿಟ್ಟಿದೆ.